ಕೋಪದ ಗೆರೆಗೆ ಎಷ್ಟು ಆಯುಷ್ಯ?

ಕೋಪವೇ ಬಾರದ ಗೃಹಸ್ಥನಿಲ್ಲ. ಬಂದ ಕೋಪ ಎಷ್ಟು ಕಾಲ ಉಳಿಯಿತು ಎಂಬುದು ಜೈನಾಚಾರ್ಯರು ಎತ್ತಿದ ಪ್ರಶ್ನೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ: ಶಿಲೆಯ ಗೆರೆ, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ.

ಎರ್ಮಾಳಿನ ಕಡಲತಡಿಯಲ್ಲಿ ನಿಂತವರಿಗೆ ಈ ಉಪಮೆಯನ್ನು ವಿವರಿಸಬೇಕಾಗಿಲ್ಲ. ನೀರಿನಲ್ಲಿ ಎಳೆದ ಗೆರೆ ಆ ಕ್ಷಣವೇ ಕೂಡಿಕೊಳ್ಳುತ್ತದೆ. ಮರಳಿನ ಗೆರೆಯನ್ನು ಗಾಳಿಯೋ ಅಲೆಯೋ ಅಳಿಸುತ್ತದೆ. ಬೇಸಗೆಯಲ್ಲಿ ಬಿರಿದ ಗದ್ದೆ ಒಂದಾಗಲು ಮಳೆಗಾಲವೇ ಬರಬೇಕು. ಕಲ್ಲಿನಲ್ಲಿ ಮೂಡಿದ ಗೆರೆಯಾದರೋ ತಲೆಮಾರು ಕಳೆದರೂ ಮಾಸದು.

ಶಾಸ್ತ್ರವು ಇವುಗಳ ಸಂಸ್ಕಾರ ಉಳಿಯುವ ಕಾಲವನ್ನೂ ಹೇಳಿದೆ. ಸಂಜ್ವಲನ ಕಷಾಯಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನೂ ಮೀರಿ ಭವಭವಗಳಿಗೆ ಹರಿಯುವುದು ಅನಂತಾನುಬಂಧಿ. ಮೊದಲನೆಯದು ಮುನಿಯ ಪರಿಪೂರ್ಣ ಚಾರಿತ್ರಕ್ಕೆ ತಡೆ. ಎರಡನೆಯದು ಮಹಾವ್ರತಕ್ಕೆ, ಮೂರನೆಯದು ಅಣುವ್ರತಕ್ಕೆ ತಡೆ. ಕೊನೆಯದು ಸಮ್ಯಗ್ದರ್ಶನವನ್ನೇ ಹತ್ತಿರ ಸುಳಿಯಗೊಡದು.

ಶಿಲೆಯ ಗೆರೆಗೆ ಕಮಠನೇ ನಿದರ್ಶನ. ತಪ್ಪು ಅವನದೇ ಆಗಿದ್ದರೂ ತಮ್ಮ ಮರುಭೂತಿ ಕ್ಷಮೆ ಬೇಡಿ ಅವನಲ್ಲಿಗೆ ಹೋದನು. ಕಮಠನು ಬಾಗಿದ ಆ ತಲೆಯ ಮೇಲೆಯೇ ಕಲ್ಲನ್ನು ಹಾಕಿದನು. ಆ ವೈರ ಜನ್ಮಜನ್ಮಾಂತರಕ್ಕೂ ಹಿಂಬಾಲಿಸಿತು. ಮರುಭೂತಿ ಪಾರ್ಶ್ವನಾಥ ತೀರ್ಥಂಕರನಾದಾಗಲೂ ಕಮಠನ ಜೀವ ಉಪಸರ್ಗ ನೀಡಲು ಬಂದಿತು. ಒಬ್ಬನು ಪ್ರತಿ ಭವದಲ್ಲಿಯೂ ಮೇಲೇರಲು ಹವಣಿಸಿದರೆ, ಇನ್ನೊಬ್ಬನು ಅವನ ಬೆನ್ನು ಹತ್ತುವುದರಲ್ಲಿಯೇ ಭವಗಳನ್ನು ಕಳೆದನು. ಕೋಪದಿಂದ ಹೆಚ್ಚು ನಷ್ಟವಾದದ್ದು ಯಾರಿಗೆ?

ಭರತ ಚಕ್ರವರ್ತಿಯ ಕೋಪವೂ ಸಣ್ಣದಲ್ಲ. ದೃಷ್ಟಿ, ಜಲ, ಮಲ್ಲ ಯುದ್ಧಗಳಲ್ಲಿ ಸೋತು, ಒಡಹುಟ್ಟಿದವನ ಮೇಲೆಯೇ ಚಕ್ರವನ್ನು ಪ್ರಯೋಗಿಸಿದವನು ಅವನು. ಆದರೆ ಆ ಗೆರೆ ಕಲ್ಲಾಗಲಿಲ್ಲ. ತಪಸ್ಸಿಗೆ ನಿಂತ ತಮ್ಮನ ಬಳಿಗೆ ಬಂದು ಅಣ್ಣನೇ ತಲೆಬಾಗಿದನು. 1432ರಲ್ಲಿ ವೀರಪಾಂಡ್ಯನು ಕಾರ್ಕಳದ ಬಂಡೆಯ ಮೇಲೆ ನಿಲ್ಲಿಸಿದ 42 ಅಡಿಯ ಬಾಹುಬಲಿಯ ಮುಂದೆ ನಿಂತಾಗ, ತಮ್ಮನ ತ್ಯಾಗದೊಡನೆ ಅಣ್ಣನ ಆ ನಮಸ್ಕಾರವನ್ನೂ ನೆನೆಯುವುದು ಉಚಿತ.

ಕುಟುಂಬದ ಮನೆ ಪಾಲಾದ ದಿನ ಆಡಿದ ಒಂದು ಮಾತಿಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯದಿರುವುದುಂಟು. ಮಕ್ಕಳಿಗೆ ಜಗಳದ ಕಾರಣ ತಿಳಿಯದು. ಮಾತನಾಡಬಾರದು ಎಂಬುದು ಮಾತ್ರ ತಿಳಿದಿರುತ್ತದೆ. ಆಸ್ತಿಯ ಜೊತೆ ಕೋಪವೂ ಪಿತ್ರಾರ್ಜಿತವಾಗುತ್ತದೆ.

ಭಾದ್ರಪದ ಶುಕ್ಲ ಪಂಚಮಿಯಂದು ತೊಡಗುವ ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಗೆ ಮೀಸಲು. ಪರ್ವದ ಬಳಿಕ ಬರುವುದು ಕ್ಷಮಾವಣಿ. ಅಂದು ಸ್ನೇಹಿತರಲ್ಲಿ ಕ್ಷಮೆ ಕೇಳುವುದು ಸುಲಭ. ಆರು ತಿಂಗಳಿಗೂ ಮಿಕ್ಕಿ ನಾವು ಮಾತು ಬಿಟ್ಟವರು ಯಾರು ಎಂದು ಎಣಿಸಿ, ಮೊದಲು ಅವರ ಮನೆಯ ಅಂಗಳಕ್ಕೆ ಕಾಲಿಡಬೇಕು. ಅವರು ಬಾಗಿಲು ತೆರೆಯದಿದ್ದರೂ ನಮ್ಮೊಳಗಿನ ಗೆರೆ ಅಳಿಯಲು ಅಷ್ಟು ನಡಿಗೆ ಸಾಕು.