ನಗರಸಾರಿಗೆಯ ಪ್ರಯಾಣಿಕರ ಸಂಖ್ಯೆಯಲ್ಲಿ ಏರಿಳಿತ: ಬೆಂಗಳೂರಿನ ನಿದರ್ಶನ

ನಗರದ ಬಸ್ಸುಗಳಲ್ಲಿ ದಿನಕ್ಕೆ ಇಷ್ಟು ಲಕ್ಷ ಜನ ಪ್ರಯಾಣ ಮಾಡಿದರೆಂಬ ಅಂಕಿ ಪ್ರಕಟವಾದಾಗ, ಅಲ್ಲಿ ಎಣಿಕೆಗೆ ಸಿಕ್ಕಿರುವುದು ಏನೆಂಬುದನ್ನು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ವಾಸ್ತವವಾಗಿ ಅದು ಬಸ್ಸು ಹತ್ತಿದ ಸಂದರ್ಭಗಳ ಲೆಕ್ಕ. ಮಾರ್ಗಮಧ್ಯದಲ್ಲಿ ಎರಡು ಸಲ ಬಸ್ಸು ಬದಲಿಸಿದವನು ಅದರಲ್ಲಿ ಮೂರು ಮಂದಿಯಾಗಿ ಸೇರುತ್ತಾನೆ. ಅರ್ಧ ಗಂಟೆ ಕಾದು ಬೇಸತ್ತು ನಡೆದುಹೋದವಳು ಸೇರುವುದೇ ಇಲ್ಲ. ಪಾಸು ಪಡೆದವರ ಸಂಚಾರವನ್ನಂತೂ ಬಹುಮಟ್ಟಿಗೆ ಅಂದಾಜಿನಿಂದಲೇ ಕೂಡಿಸಬೇಕಾಗುತ್ತದೆ. ಏರಿಳಿತಗಳ ಕಾರಣವನ್ನು ಶೋಧಿಸುವವರು ಈ ಮಿತಿಯನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಬಸ್ ಸಾರಿಗೆಯನ್ನು 1956ರಲ್ಲಿ ಸರಕಾರವು ತನ್ನ ವಶಕ್ಕೆ ತೆಗೆದುಕೊಂಡಿತು. 1997ರಲ್ಲಿ ಅದಕ್ಕಾಗಿಯೇ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಏರ್ಪಟ್ಟಿತು. 2011ರ ಅಕ್ಟೋಬರಿನಲ್ಲಿ ಮಹಾತ್ಮಾ ಗಾಂಧಿ ರಸ್ತೆಗೂ ಬೈಯಪ್ಪನಹಳ್ಳಿಗೂ ನಡುವೆ ಮೆಟ್ರೋ ರೈಲು ಓಡಲಾರಂಭಿಸಿತು. ಈ ಅವಧಿಯಲ್ಲಿ ನಗರದ ಜನಸಂಖ್ಯೆ ಬೆಳೆದ ಬಗೆ ಸರ್ವವೇದ್ಯವಾದುದು. 2011ರ ಜನಗಣತಿಯಲ್ಲೇ ಪಾಲಿಕೆಯ ವ್ಯಾಪ್ತಿಯಲ್ಲಿ 84 ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಇಂದು ನಗರದಲ್ಲಿ ನೋಂದಣಿಯಾದ ವಾಹನಗಳೇ 1 ಕೋಟಿಯನ್ನು ಮೀರಿವೆ. ಅವುಗಳಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು. ಜನ ಹೆಚ್ಚಿದ ಪ್ರಮಾಣದಲ್ಲಿ ಬಸ್ಸಿನ ಪ್ರಯಾಣಿಕರೂ ಹೆಚ್ಚಬೇಕೆಂದು ತೋರಬಹುದು. ಹಾಗೆ ಆಗದಿರುವುದಕ್ಕೆ ಮುಖ್ಯ ಕಾರಣ ವೇಗದ ಲೆಕ್ಕದಲ್ಲಿದೆ.

ಹೋಗಿಬರುವ ದೂರ ಒಟ್ಟು 20 ಕಿಲೋಮೀಟರ್ ಇರುವ ಒಂದು ಮಾರ್ಗವನ್ನು ಕಲ್ಪಿಸಿಕೊಳ್ಳೋಣ. ಬಸ್ಸು ಗಂಟೆಗೆ 20 ಕಿಲೋಮೀಟರ್ ಸಾಗಿದರೆ ಒಂದು ಸುತ್ತಿಗೆ ಒಂದು ಗಂಟೆ. 6 ಬಸ್ಸುಗಳಿದ್ದರೆ 10 ನಿಮಿಷಕ್ಕೊಂದು ದೊರೆಯುತ್ತದೆ. ರಸ್ತೆಯಲ್ಲಿ ದಟ್ಟಣೆ ಹೆಚ್ಚಿ ವೇಗ 12 ಕಿಲೋಮೀಟರಿಗೆ ಇಳಿಯಿತೆನ್ನಿ. ಈಗ ಒಂದು ಸುತ್ತಿಗೆ 100 ನಿಮಿಷ ಬೇಕು. ಅದೇ 6 ಬಸ್ಸುಗಳು ಸುಮಾರು 17 ನಿಮಿಷಕ್ಕೊಮ್ಮೆ ಬರುತ್ತವೆ. ಒಂದು ಬಸ್ಸನ್ನೂ ಕಡಮೆ ಮಾಡಿಲ್ಲ, ಒಬ್ಬ ಚಾಲಕನನ್ನೂ ಬಿಡಿಸಿಲ್ಲ. ಆದರೂ ಸೇವೆಯ ಐದರಲ್ಲಿ ಎರಡು ಪಾಲು ನಷ್ಟವಾಯಿತು. ಮೊದಲಿನಂತೆ ನಡೆಸಬೇಕಾದರೆ 10 ಬಸ್ಸುಗಳು ಬೇಕು, ಅಷ್ಟಕ್ಕೂ ಸಿಬ್ಬಂದಿ ಬೇಕು. ಅದಿಲ್ಲವಾದಾಗ ಕಾಯಲಾರದವನು ಸಾಲ ಮಾಡಿಯಾದರೂ ಸ್ಕೂಟರ್ ಕೊಳ್ಳುತ್ತಾನೆ. ಆ ಸ್ಕೂಟರ್ ಅದೇ ರಸ್ತೆಗೆ ಇಳಿದು, ಅವನು ಬಿಟ್ಟುಬಂದ ಬಸ್ಸನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸುಗಳಿಗೆಂದು ಪ್ರತ್ಯೇಕ ಪಥವನ್ನು ಗುರುತಿಸಿದುದು ಈ ವಿಷಚಕ್ರವನ್ನು ಮುರಿಯುವ ಪ್ರಯತ್ನವೇ ಆಗಿತ್ತು. ಅದು ಬಾಳಲಿಲ್ಲವೆಂಬುದು ವಿಷಾದಕರ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯುಂಟು. 10 ನಿಮಿಷಕ್ಕೊಂದರಂತೆ ಬಸ್ಸುಗಳು ಸಮಾನ ಅಂತರದಲ್ಲಿ ಬಂದರೆ ಪ್ರಯಾಣಿಕನು ಸರಾಸರಿ 5 ನಿಮಿಷ ಕಾಯುತ್ತಾನೆ. ಅವೇ ಬಸ್ಸುಗಳು ಜೋಡಿಜೋಡಿಯಾಗಿ 20 ನಿಮಿಷಕ್ಕೊಮ್ಮೆ ಬಂದರೆ ಸರಾಸರಿ ಕಾಯುವಿಕೆ 10 ನಿಮಿಷವಾಗುತ್ತದೆ. ಸಂಸ್ಥೆಯ ದಫ್ತರದಲ್ಲಿ ಎರಡೂ ಒಂದೇ. ನಿಲ್ದಾಣದಲ್ಲಿ ನಿಂತವನಿಗೆ ಒಂದಕ್ಕೆರಡು. ಹಿಂದುಳಿದ ಬಸ್ಸಿಗೆ ಹೆಚ್ಚು ಜನ ಹತ್ತುತ್ತಾರೆ, ಹತ್ತುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಆದ್ದರಿಂದ ಅದು ಮತ್ತಷ್ಟು ಹಿಂದುಳಿಯುತ್ತದೆ. ಅದರ ಬೆನ್ನಿಗೆ ಬರುವುದು ಖಾಲಿಯಾಗಿ ಬಂದು ಕೂಡಿಕೊಳ್ಳುತ್ತದೆ. ಮೊದಲನೆಯ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರನ್ನೂ ಎರಡನೆಯದರ ಖಾಲಿ ಆಸನಗಳನ್ನೂ ಕಾಣದ ಬೆಂಗಳೂರಿಗರು ವಿರಳ.

ದರದ ಪ್ರಭಾವಕ್ಕೆ ಲಂಡನ್ನಿನ ಅನುಭವ ಪ್ರಸಿದ್ಧವಾಗಿದೆ. ಅಲ್ಲಿ 1981ರ ಅಕ್ಟೋಬರಿನಲ್ಲಿ ನಗರಾಡಳಿತವು ದರವನ್ನು ಸುಮಾರು ಮೂರನೆಯ ಒಂದರಷ್ಟು ಇಳಿಸಿತು. ಅದು ಕಾನೂನುಬಾಹಿರವೆಂದು ಡಿಸೆಂಬರಿನಲ್ಲಿ ತೀರ್ಪು ಬಂದುದರಿಂದ 1982ರ ಮಾರ್ಚಿಯಲ್ಲಿ ದರಗಳು ಹೆಚ್ಚುಕಡಮೆ ಇಮ್ಮಡಿಯಾದುವು. 1983ರಲ್ಲಿ ಮತ್ತೆ ಇಳಿದುವು. ಪ್ರಯಾಣಿಕರೂ ಕ್ರಮವಾಗಿ ಏರಿ, ಇಳಿದು, ಏರಿದರು. ಅದೇ ವರ್ಷ ಬಸ್ಸಿಗೂ ರೈಲಿಗೂ ಒಂದೇ ಪಾಸು ಬಂದುದು ನನ್ನ ಅಭಿಪ್ರಾಯದಲ್ಲಿ ದರದ ಇಳಿಕೆಗಿಂತ ಕಡಮೆ ಮಹತ್ತ್ವದ್ದಲ್ಲ. ಪಾಸು ಕೈಯಲ್ಲಿದ್ದವನಿಗೆ ಮುಂದಿನ ಪ್ರಯಾಣಕ್ಕೆ ಖರ್ಚಿಲ್ಲವಷ್ಟೆ.

ಬೆಂಗಳೂರಿನ ಮೆಟ್ರೋದಲ್ಲಿ 2025ರ ಫೆಬ್ರವರಿ 9ರಂದು ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದಾಗ ಪ್ರಯಾಣಿಕರು ಕಡಮೆಯಾದರು. ಪೆಟ್ರೋಲಿನ ಬೆಲೆ ಲೀಟರಿಗೆ ನೂರು ರೂಪಾಯಿಗಿಂತ ತುಸು ಹೆಚ್ಚಿದ್ದು, ಲೀಟರಿಗೆ 40 ಕಿಲೋಮೀಟರ್ ಓಡುವ ಸ್ಕೂಟರಿನ ಮೇಲೆ ದಂಪತಿಗಳಿಬ್ಬರು ಹೋಗುವುದಾದರೆ, ಇಬ್ಬರ ಮೆಟ್ರೋ ಚೀಟಿಗಿಂತ ಅದೇ ಅಗ್ಗ. ಮನೆಮನೆಯಲ್ಲೂ ಈ ಗಣಿತ ನಡೆಯುತ್ತದೆ. ಆದರೆ ಆಗಸ್ಟಿನಲ್ಲಿ ಬೊಮ್ಮಸಂದ್ರದ ಕಡೆಯ ಹಳದಿ ಮಾರ್ಗ ತೆರೆಯುತ್ತಲೇ ಮೆಟ್ರೋದ ದಿನದ ಸಂಖ್ಯೆ 10 ಲಕ್ಷವನ್ನು ದಾಟಿತು. ದರ ಇಳಿದಿರಲಿಲ್ಲ, ರೈಲು ತಲಪದಿದ್ದ ಕಡೆಗೆ ತಲಪಿತ್ತು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಮೂಲಕ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಅದರೊಡನೆ ಬಸ್ಸಿನ ಸಂಖ್ಯೆಗಳು ಸ್ಪಷ್ಟವಾಗಿ ಏರಿದುವು. ಇದನ್ನು ಕೃತಕವಾದ ಏರಿಕೆಯೆಂದು ತಳ್ಳಿಹಾಕುವವರಿದ್ದಾರೆ. ಚೀಟಿಯ ಹಣವನ್ನು ಉಳಿಸಲೆಂದು ನಾಲ್ಕು ಮನೆಗಳ ಕೆಲಸ ಮುಗಿಸಿ ಎರಡು ನಿಲ್ದಾಣಗಳ ದೂರ ನಡೆಯುತ್ತಿದ್ದವಳು ಈಗ ಬಸ್ಸು ಹತ್ತಿದರೆ ಅದು ಕೃತಕವೆನ್ನುವುದು ಹೇಗೆ? ಆ ಪ್ರಯಾಣದ ಅಗತ್ಯ ಮೊದಲೂ ಇತ್ತು, ಲೆಕ್ಕಕ್ಕೆ ಬಂದಿರಲಿಲ್ಲ. ಆದಾಗ್ಯೂ ಜನ ಹೆಚ್ಚಿದಷ್ಟು ಬಸ್ಸುಗಳು ಹೆಚ್ಚದಿದ್ದರೆ ನೂಕುನುಗ್ಗಲೇ ಒಂದು ಬಗೆಯ ದರವಾಗುತ್ತದೆ. ಬೇರೆ ಅನುಕೂಲವುಳ್ಳವರು ಬಸ್ಸನ್ನು ಬಿಡುತ್ತಾರೆ, ಇಲ್ಲದವರು ಸಹಿಸುತ್ತಾರೆ, ಒಟ್ಟು ಅಂಕಿ ಮಾತ್ರ ಸ್ಥಿರವಾಗಿ ಕಾಣುತ್ತದೆ.

ಸಾರಿಗೆಯ ಕೈಮೀರಿದ ಕಾರಣಗಳೂ ಉಂಟು. 2020ರ ಮಾರ್ಚಿಯಲ್ಲಿ ನಿಂತ ಮೆಟ್ರೋ ಸೆಪ್ಟೆಂಬರ್ 7ರವರೆಗೆ ಓಡಲಿಲ್ಲ. ಆ ಬಳಿಕವೂ ಗಣಕ ಉದ್ಯಮದ ನೌಕರರಲ್ಲಿ ಅನೇಕರು ಬಹುಕಾಲ ಮನೆಯಿಂದಲೇ ದುಡಿದರು. ಕಾರ್ಖಾನೆಯ ಕೆಲಸಗಾರನಿಗೂ ತರಕಾರಿ ಮಾರುವವಳಿಗೂ ಆ ಸೌಕರ್ಯವಿರಲಿಲ್ಲ.

ಸಂಜೆ ಆರರ ವೇಳೆಗೆ ಕೃಷ್ಣರಾಜ ಮಾರುಕಟ್ಟೆಯ ನಿಲ್ದಾಣದಲ್ಲಿ ತುಂಬಿದ ಬಸ್ಸೊಂದು ನಿಲ್ಲದೆ ಸಾಗಿದಾಗ ಹಿಂದೆ ಉಳಿಯುವವರ ಸುಳಿವು ಚೀಟಿಯ ಯಂತ್ರದಲ್ಲಿ ದೊರೆಯುವುದಿಲ್ಲ. ಅವರನ್ನು ಅಲ್ಲಿಯೇ ನಿಂತು ಎಣಿಸಬೇಕಾಗುತ್ತದೆ. ವಿದ್ಯಾರ್ಥಿಗಳಿಗೆ ಇದು ಕಷ್ಟದ ಕೆಲಸವೇನೂ ಅಲ್ಲ. ಒಂದು ಪುಸ್ತಕ, ಒಂದು ಗಡಿಯಾರ ಸಾಕು.