ಹಸುವಿಗೆ ವಿಮೆ ಇದೆ, ಮನೆಗೆ ಇದೆಯೇ?



ಹಸುವಿನ ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸುವುದು ನಿಮಗೆ ಗೊತ್ತಿರುವ ಕೆಲಸ. ಆದರೆ ಆ ಹಸು ನಿಲ್ಲುವ ಕೊಟ್ಟಿಗೆಗೆ, ನೀವು ಬಾಳುವ ಮನೆಗೆ ವಿಮೆ ಇದೆಯೇ?

ನಮ್ಮ ಸೀಮೆಯಲ್ಲಿ ಮನೆಗೆ ಪೆಟ್ಟು ಬೀಳುವುದು ಮುಖ್ಯವಾಗಿ ಮೂರು ಕಾಲದಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ಬಿರುಗಾಳಿ ತಗಡು ಹಾರಿಸುತ್ತದೆ. ಮುಂಗಾರಿನಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಹಂಪಿ, ಕಂಪ್ಲಿ ಕಡೆಯ ಹೊಳೆದಂಡೆಗೆ ನೀರು ನುಗ್ಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಮೂರನೆಯದು ಹಿಂಗಾರು. ಚಳಿ ಶುರುವಾಗುವ ಹೊತ್ತಿಗೆ ವಾಯುಭಾರ ಕುಸಿದು ಜಡಿಮಳೆ ಹಿಡಿದರೆ ಮಾಳಿಗೆ ಮನೆಯ ಮಣ್ಣಿನ ಗೋಡೆ ನೆನೆಯುತ್ತದೆ. ಮಳೆ ನಿಂತು ಎರಡು ದಿನ ಕಳೆದ ಮೇಲೂ ಅದು ಕುಸಿಯಬಹುದು.

ಸರ್ಕಾರದ ಪರಿಹಾರ ಎಷ್ಟು?

ವಿಪತ್ತು ಪರಿಹಾರ ನಿಧಿಗೆ 2022-23ರಿಂದ 2025-26ರವರೆಗೆ ನಿಗದಿಯಾದ ದರದಂತೆ, ಬಯಲು ಸೀಮೆಯಲ್ಲಿ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000. ರಾಜ್ಯ ಸರ್ಕಾರ ಕೆಲವು ವರ್ಷ ಮನೆಗೆ ಹೆಚ್ಚುವರಿ ಹಣ ಸೇರಿಸಿದ್ದೂ ಉಂಟು. ಆದರೂ 3,000 ರೂಪಾಯಿಗೆ ಕೊಟ್ಟಿಗೆ ಎದ್ದು ನಿಲ್ಲುತ್ತದೆಯೇ, ನೀವೇ ಲೆಕ್ಕ ಹಾಕಿ.

ಮನೆ ವಿಮೆ ಹೇಗೆ?

2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಜಾರಿಯಲ್ಲಿದೆ. ಬಿರುಗಾಳಿ, ಪ್ರವಾಹ, ಸಿಡಿಲು, ಬೆಂಕಿ, ಭೂಕುಸಿತ ಇದರಲ್ಲಿ ಸೇರಿವೆ. ಗುಡ್ಡದ ಬುಡದಲ್ಲಿ ಮನೆಯಿರುವ ಸಂಡೂರಿನವರು ಭೂಕುಸಿತದ ಮಾತನ್ನು ಗಮನಿಸಿ.

ವಿಮೆ ಮೊತ್ತಕ್ಕೆ ಜಾಗದ ಬೆಲೆ ಲೆಕ್ಕಕ್ಕಿಲ್ಲ, ಕಟ್ಟುವ ಖರ್ಚು ಮಾತ್ರ. ಉದಾಹರಣೆಗೆ, 600 ಚದರಡಿ ಮನೆಗೆ ಅಡಿಗೆ 1,500ರಂತೆ ಹಿಡಿದರೆ 9 ಲಕ್ಷ. ಅದರ ಶೇ. 20, ಅಂದರೆ 1.8 ಲಕ್ಷದವರೆಗೆ ಮನೆಯೊಳಗಿನ ಸಾಮಾನಿಗೂ ರಕ್ಷಣೆ ತಾನಾಗಿ ಸೇರುತ್ತದೆ. ಒಡವೆಗೆ ಬೇರೆಯಾಗಿ ಹೇಳಬೇಕು.

ನೆನಪಿಡಿ: ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ ಆಗುವುದು ಅಪಘಾತ ವಿಮೆ. ಅದು ಮನೆಗಲ್ಲ.

ಹಣ ಕಟ್ಟುವ ಮೊದಲು ಕೇಳಬೇಕಾದದ್ದು

• ಮಣ್ಣಿನ ಗೋಡೆ, ಹುಲ್ಲು ಅಥವಾ ಗರಿಯ ಚಾವಣಿ ಇದ್ದರೆ ಮುಚ್ಚಿಡಬೇಡಿ. ಪಾಲಿಸಿ ಕೊಡುತ್ತಾರೋ ಇಲ್ಲವೋ ಮೊದಲೇ ತಿಳಿಯಲಿ.
• ಕೊಟ್ಟಿಗೆ ಮನೆಯ ಜೊತೆ ತಾನಾಗಿ ಸೇರುತ್ತದೆ ಎಂದುಕೊಳ್ಳಬೇಡಿ. ಅದು ಹಾಲಿನ ವ್ಯವಹಾರದ ಜಾಗ. ಸೇರಿದ್ದರೆ ಪಾಲಿಸಿಯಲ್ಲಿ ಬರೆದಿರಬೇಕು, ಬಾಯಿಮಾತು ನಡೆಯದು.
• ಹಳತಾಗಿ, ದುರಸ್ತಿಯಿಲ್ಲದೆ ತಾನಾಗಿ ಬಿದ್ದ ಗೋಡೆಗೆ ವಿಮೆ ಬರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಸೋರುವ ಕಡೆ ಸರಿಪಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ.
• ಮನೆ ಯಾರ ಹೆಸರಲ್ಲಿದೆ? ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಅಥವಾ 11 ನೋಡಿ. ಖಾತೆ ಇನ್ನೂ ತೀರಿಹೋದ ಮಾವನ ಹೆಸರಲ್ಲೇ ಇದ್ದರೆ ಪರಿಹಾರಕ್ಕೂ ವಿಮೆಗೂ ತೊಡಕು. ಖಾತೆ ಬದಲಾವಣೆಗೆ ಈಗಲೇ ಅರ್ಜಿ ಕೊಡಿ. ಸಾಧ್ಯವಾದರೆ ನಿಮ್ಮ ಹೆಸರನ್ನೂ ಸೇರಿಸಿಕೊಳ್ಳಿ.

ಹಾನಿಯಾದಾಗ

ಮೊದಲು ಮಕ್ಕಳು, ದನಕರು ಸುರಕ್ಷಿತ ಜಾಗಕ್ಕೆ. ನಂತರ ಮಣ್ಣು ಎತ್ತುವ ಮೊದಲೇ ನಾಲ್ಕೂ ಕಡೆಯಿಂದ ಫೋಟೊ. ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೂ ವಿಮಾ ಕಂಪನಿಗೂ ತಿಳಿಸಿ. ಪಂಚನಾಮೆಯಲ್ಲಿ ಮನೆ, ಕೊಟ್ಟಿಗೆ ಎರಡನ್ನೂ ಬೇರೆಬೇರೆಯಾಗಿ ಬರೆಸಿ. ಕೊಟ್ಟಿಗೆ ಬಿಟ್ಟುಹೋದರೆ ಆ ಹಣವೂ ಹೋಯಿತು. ಸರ್ವೇಯರ್ ನೋಡುವವರೆಗೆ ಮುರಿದ ತಗಡು, ತೊಲೆ ಮಾರಬೇಡಿ. ಹಂಪಿ ಪರಂಪರೆ ಪ್ರದೇಶದವರು ಮರಳಿ ಕಟ್ಟುವ ಮೊದಲು ಪ್ರಾಧಿಕಾರದ ಅನುಮತಿ ವಿಚಾರಿಸಿ.

ಕಂಪನಿ ಸ್ಪಂದಿಸದಿದ್ದರೆ 'ಬಿಮಾ ಭರೋಸಾ' ಸಹಾಯವಾಣಿ 155255ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿದ್ದಾರೆ. ಅಲ್ಲಿ ದೂರಿಗೆ ಶುಲ್ಕವಿಲ್ಲ.

ಮುಂದಿನ ಬಟವಾಡೆಯ ದಿನ ನಾಲ್ಕೈದು ಮಂದಿ ಸೇರಿ ಸಂಘದಲ್ಲಿ ಈ ವಿಷಯ ಎತ್ತಿ. ಮನೆ ಪತ್ರ, ಕಂದಾಯ ರಸೀದಿ, ಹಸುವಿನ ಓಲೆ ನಂಬರು, ಪಾಸ್‌ಬುಕ್ ಪ್ರತಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೀರು ತಾಗದ ಎತ್ತರದಲ್ಲಿ ಇಡಿ. ಇನ್ನೊಂದು ಪ್ರತಿ ತವರಿನಲ್ಲಿರಲಿ.