ಚಳಿಯ ಮನೆಗೆ ಯಾವ ಹಾವು?

ಹಾವು ಕಂಡರೆ ಹೌಹಾರಿ ಕೋಲು ಹುಡುಕುವುದು, ಇಲ್ಲವೇ ಕೈಮುಗಿದು ಹಾಲೆರೆಯುವುದು - ನಮಗೆ ಗೊತ್ತಿರುವ ದಾರಿಗಳು ಹೆಚ್ಚಾಗಿ ಇವೆರಡೇ. ಆದರೆ ಬ್ರಿಟನ್, ಅಮೆರಿಕ, ಕೆನಡಾಗಳಲ್ಲಿ ಮಕ್ಕಳು ನಾಯಿಮರಿಗೆ ಹಟ ಹಿಡಿಯುವಂತೆ ಹಾವಿನ ಮರಿಗೂ ಹಟ ಹಿಡಿಯುವುದುಂಟು. ಅಲ್ಲಿ ನೆಲೆಸಿರುವ ಕನ್ನಡದ ಅಪ್ಪ ಅಮ್ಮಂದಿರಿಗೂ ಒಂದಲ್ಲ ಒಂದು ದಿನ ಈ ಬೇಡಿಕೆ ಎದುರಾಗಬಹುದು. 'ಅಯ್ಯೋ, ಹಾವೇ!' ಎಂಬ ಗಾಬರಿ ಇಳಿದ ಮೇಲೆ, ಬಣ್ಣ ಬೆಲೆಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಮ್ಮ ಮನೆ ಎಷ್ಟು ತಣ್ಣಗಿರುತ್ತದೆ?

ಬಿಸಿಯೇ ಬದುಕು

ಹಾವು ಶೀತರಕ್ತ ಪ್ರಾಣಿ. ನಮ್ಮ ಹಾಗೆ ತಾನು ತಿಂದ ಅನ್ನದಿಂದ ಮೈ ಬೆಚ್ಚಗಿಟ್ಟುಕೊಳ್ಳಲು ಅದಕ್ಕೆ ಬಾರದು. ಬಿಸಿ ಬೇಕಾದರೆ ಬಿಸಿಲಿಗೆ, ತಂಪು ಬೇಕಾದರೆ ನೆರಳಿಗೆ ಸರಿಯಬೇಕು. ಓಡಾಟ, ರೋಗನಿರೋಧಕ ಶಕ್ತಿ, ಜೀರ್ಣಶಕ್ತಿ ಎಲ್ಲವೂ ಈ ಬಿಸಿಯನ್ನೇ ಅವಲಂಬಿಸಿವೆ. ಸಾಕಷ್ಟು ಬಿಸಿ ಸಿಗದಿದ್ದರೆ ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ. ಹಾವು ಅದನ್ನು ಕಾರಿಕೊಳ್ಳುತ್ತದೆ.

ಸಾಕುಪ್ರಾಣಿಯಾಗಿ ಬಹಳ ಜನಪ್ರಿಯವಾದ ಬಾಲ್ ಪೈಥಾನ್ ಆಫ್ರಿಕದ ಬಿಸಿನಾಡಿನ ಹಾವು. ಅದರ ಗಾಜಿನ ಪೆಟ್ಟಿಗೆಯ ಒಂದು ತುದಿ 31-32 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣನೆಯ ತುದಿಯೂ 24-25 ಡಿಗ್ರಿಗಿಂತ ಇಳಿಯಬಾರದು. ಚಳಿಗಾಲದ ರಾತ್ರಿ 16-18 ಡಿಗ್ರಿಗೆ ಇಳಿಯುವ ಕೋಣೆಯಲ್ಲಿ ಇದನ್ನು ಸಾಧಿಸುವುದು ಕಷ್ಟ, ಖರ್ಚೂ ಹೆಚ್ಚು. ಚಳಿ ತಾಗಿದರೆ ಶ್ವಾಸಕೋಶದ ಸೋಂಕು ಕಟ್ಟಿಟ್ಟ ಬುತ್ತಿ. ಕೋಣೆಯನ್ನು ಹಾವಿಗಾಗಿ ಕಾಯಿಸುವ ಬದಲು ಕೋಣೆಗೆ ತಕ್ಕ ಹಾವನ್ನು ಆರಿಸುವುದೇ ಜಾಣತನ.

ಮೂರು ಆಯ್ಕೆಗಳು

ಕಾರ್ನ್ ಸ್ನೇಕ್: ಅಮೆರಿಕದ ಆಗ್ನೇಯ ಭಾಗದ ವಿಷರಹಿತ ಹಾವು. ಮುಸುಕಿನ ಜೋಳದ ಕಣಜಗಳಿಗೆ ಇಲಿ ಹುಡುಕಿ ಬರುತ್ತಿದ್ದುದರಿಂದ ಈ ಹೆಸರು ಬಂತೆನ್ನುತ್ತಾರೆ. ಉದ್ದ ಮೂರರಿಂದ ಐದು ಅಡಿ. ಬಿಸಿ ತುದಿ 28-30 ಡಿಗ್ರಿ ಇದ್ದು, ಇನ್ನೊಂದು ತುದಿ 20-24 ಡಿಗ್ರಿ ಇದ್ದರೆ ಸಾಕು. ಶಾಂತ ಸ್ವಭಾವ. ಶೀತಲೀಕರಿಸಿದ ಇಲಿಯನ್ನು ಕರಗಿಸಿ ಕೊಟ್ಟರೆ ತಿನ್ನುತ್ತದೆ. ಮೊದಲ ಬಾರಿ ಸಾಕುವವರಿಗೆ ಇದೇ ಸೂಕ್ತ.

ಗಾರ್ಟರ್ ಸ್ನೇಕ್: ನಮ್ಮ ಕೆರೆಯ ನೀರುಹಾವಿನ ದೂರದ ನೆಂಟ. ಎರಡು ಮೂರು ಅಡಿಯ ಚುರುಕು ಹಾವು. ಹಗಲಲ್ಲೇ ಓಡಾಡುವುದರಿಂದ ಮಕ್ಕಳಿಗೆ ನೋಡಲು ಚೆನ್ನ. ಮೊಟ್ಟೆಯಿಡದೆ ಮರಿ ಹಾಕುತ್ತದೆ. ಎರೆಹುಳು, ಮೀನು, ಸಣ್ಣ ಇಲಿ ಇದರ ಆಹಾರ. ಆದರೆ ಗೋಲ್ಡ್ ಫಿಶ್‌ನಂಥ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಅದನ್ನೇ ತಿನ್ನಿಸುತ್ತ ಹೋದರೆ ಹಾವಿಗೆ ಸೆಳವು ಬರುತ್ತದೆ.

ರಬ್ಬರ್ ಬೋವಾ: ಕ್ಯಾಲಿಫೋರ್ನಿಯಾದಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾವರೆಗಿನ ತಣ್ಣನೆಯ ಕಾಡುಗಳ ಹಾವು. ನಮ್ಮ ಮಣ್ಣುಮುಕ್ಕ ಹಾವಿನಂತೆ ಇದರ ಬಾಲವೂ ತಲೆಯಂತೆಯೇ ಮೊಂಡು. ಬೇರೆ ಹಾವುಗಳು ಮುದುಡಿ ಕೂರುವ ಚಳಿಯಲ್ಲೂ ಬೇಟೆಗೆ ಹೊರಡುತ್ತದೆ. ಇದನ್ನು ಕಾಡುವುದು ಸೆಕೆಯೇ. ಆದರೆ ಮರಿಗಳು ಆಹಾರ ಮುಟ್ಟದೆ ಸತಾಯಿಸುವುದುಂಟು. ಹೊಸಬರಿಗೆ ಇದು ಬೇಡ.

ಹಿಮದ ನಾಡಿನ ಪಾಠ

ಚಳಿ ತಾಳುವ ಹಾವಿಗೆ ಬಿಸಿಯೇ ಬೇಡ ಎಂದುಕೊಂಡರೆ ಮೋಸ ಹೋದಂತೆ. ಕೆನಡಾದ ಮನಿಟೋಬಾ ಪ್ರಾಂತದ ನಾರ್ಸಿಸ್ ಎಂಬಲ್ಲಿ ಸಾವಿರಾರು ಗಾರ್ಟರ್ ಹಾವುಗಳು ಸುಣ್ಣಕಲ್ಲಿನ ಬಿರುಕುಗಳಲ್ಲಿ, ಹಿಮ ಮುಟ್ಟದ ಆಳದಲ್ಲಿ ಒಟ್ಟಾಗಿ ಚಳಿಗಾಲ ಕಳೆಯುತ್ತವೆ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಹೊರಬರುವಾಗ ನೆಲವೇ ಹರಿದಾಡಿದಂತೆ ಕಾಣುತ್ತದೆ. 1999ರಲ್ಲಿ ವಿಪರೀತ ಹವೆಗೆ ಸಿಕ್ಕಿ, ಬಿಲ ಸೇರುವ ಮುನ್ನವೇ ಅಲ್ಲಿ ಸಾವಿರಾರು ಹಾವುಗಳು ಸತ್ತವು. ಚಳಿಗೆ ಹೆಸರಾದ ಹಾವನ್ನೂ ಉಳಿಸುವುದು ಆ ಆಳದ ಬಿಲವೇ, ಹೊರಬಂದ ಮೇಲೆ ಸಿಗುವ ಬಿಸಿಲೇ.

ಆದ್ದರಿಂದ ಪೆಟ್ಟಿಗೆಯ ಮೂರರಲ್ಲೊಂದು ಭಾಗದ ಅಡಿಗೆ ಹೀಟ್ ಮ್ಯಾಟ್, ಅದಕ್ಕೆ ತಪ್ಪದೆ ಥರ್ಮೋಸ್ಟಾಟ್ ಇರಲಿ. ಬಿಸಿ ತುದಿಯಲ್ಲೊಂದು, ತಣ್ಣನೆಯ ತುದಿಯಲ್ಲೊಂದು ಅಡಗುತಾಣವಿರಲಿ. ಬೀಗ ಹಾಕುವಂಥ ಮುಚ್ಚಳ ಬೇಕೇ ಬೇಕು. ತಲೆ ತೂರುವ ಸಂದು ಸಿಕ್ಕರೆ ಹಾವು ಹೊರಗೇ!

ತರುವ ಮುನ್ನ

ಕಾಡಿನಿಂದ ಹಿಡಿದದ್ದು ಬೇಡ. ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ಕೇಳಿ ಪಡೆಯಿರಿ. ಅದು ಆಹಾರ ತಿನ್ನುವುದನ್ನು ಕಣ್ಣಾರೆ ನೋಡಿ. ಬಾಯಿ ತೆರೆದು ಉಸಿರಾಡುವ, ಮೈಮೇಲೆ ಉಣ್ಣೆ ಹತ್ತಿರುವ ಹಾವು ಬೇಡ. ಸರೀಸೃಪಗಳನ್ನು ನೋಡುವ ಪಶುವೈದ್ಯರು ಹತ್ತಿರದಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಿ.

ಆರೋಗ್ಯವಾಗಿ ಕಾಣುವ ಹಾವಿನ ಮೈಯಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲೇಬೇಕು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಹಾವು ಸಲ್ಲದೆಂಬುದು ಆರೋಗ್ಯ ತಜ್ಞರ ಸಲಹೆ.

ಇನ್ನೊಂದು ಮಾತು. ಕಾರ್ನ್ ಸ್ನೇಕ್ 15-20 ವರ್ಷ ಬದುಕುತ್ತದೆ. ಇಂದು ಹತ್ತು ವರ್ಷದ ಮಗ ಕಾಲೇಜಿಗೆಂದು ಬೇರೆ ಊರಿಗೆ ಹೊರಟಾಗ ಹಾವು ಮನೆಯಲ್ಲೇ ಉಳಿಯುತ್ತದೆ. ಫ್ರೀಜರಿನಲ್ಲಿ ಇಲಿ ಇಟ್ಟುಕೊಂಡು ಅದನ್ನು ನೋಡಿಕೊಳ್ಳುವವರು ಯಾರು? ಅಮ್ಮ ಒಪ್ಪಿದ ಮೇಲೆಯೇ ಅಂಗಡಿಗೆ ಹೊರಡುವುದು ಒಳ್ಳೆಯದು.

ನಮ್ಮಲ್ಲಿ ಸಾಕಬಹುದೇ?

ಇದನ್ನು ಓದಿ ಮಡಿಕೇರಿಯದೋ ಚಿಕ್ಕಮಗಳೂರಿನದೋ ವಿದ್ಯಾರ್ಥಿ ಗದ್ದೆಯ ಹಾವಿಗೆ ಕೈಹಾಕಬಾರದು. ನಮ್ಮ ದೇಶದ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳಿದ್ದರೆ, 2022ರ ತಿದ್ದುಪಡಿಯ ನಂತರ ನೋಂದಣಿ ಕಡ್ಡಾಯ. ಬಾಲ್ ಪೈಥಾನ್, ರಬ್ಬರ್ ಬೋವಾಗಳು ಆ ಪಟ್ಟಿಯಲ್ಲಿವೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕವು. ಅದೇ ಸಾಮಾನಿನಲ್ಲಿದ್ದ ಆರು ಕೋತಿಗಳು ಸತ್ತಿದ್ದವು. ಕಳ್ಳದಾರಿಯ ಸಾಕುಪ್ರಾಣಿಗೆ ತೆರುವ ಬೆಲೆ ಇದು.

ಹಾವಿನ ಆಸೆಯುಳ್ಳ ಮಕ್ಕಳು ಒಂದು ನೋಟುಪುಸ್ತಕ ಇಟ್ಟುಕೊಳ್ಳಲಿ. ಚಳಿಗಾಲದ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ನೀರುಹಾವು ಎಷ್ಟು ಹೊತ್ತಿಗೆ ಬಿಸಿಲಿಗೆ ಬರುತ್ತದೆ, ಎಷ್ಟು ಹೊತ್ತಿಗೆ ನೆರಳಿಗೆ ಸರಿಯುತ್ತದೆ ಎಂದು ದೊಡ್ಡವರ ಜೊತೆ ದೂರದಲ್ಲಿ ನಿಂತು ನೋಡಿ ಬರೆದುಕೊಳ್ಳಲಿ. ಶೀತರಕ್ತ ಎಂದರೇನೆಂಬುದು ಒಂದೇ ತಿಂಗಳಲ್ಲಿ ತಾನಾಗಿ ತಿಳಿಯುತ್ತದೆ.